ಮೀಸಲು ತುಪ್ಪದ ಸುತ್ತ ಬಿಳಿ ಗೆರೆ

ಫೋನ್ ಬಂದಾಗ ನಾನು ಹಜಾರದಲ್ಲಿ ಕೂತು ಅವರೆಕಾಳು ಇದುಕುತ್ತಿದ್ದೆ. ಹಿಂದಿನ ದಿನವೇ ಬಿಡಿಸಿ ನೆನೆಹಾಕಿದ್ದ ಕಾಳು. ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಈ ಕೆಲಸ ನನಗೆ ಇಷ್ಟ. ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಬಾಯಲ್ಲಿ ಮನೆದೇವರ ಹೆಸರು ಹೇಳಿಕೊಳ್ಳಬಹುದು. ಒಳಕೋಣೆಯಲ್ಲಿ ಬಾಣಂತಿ ಮಗಳೂ ಎರಡೂವರೆ ತಿಂಗಳ ಮೊಮ್ಮಗಳೂ ಮಲಗಿದ್ದರು. ಅಂಟುಗೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ಎತ್ತಿದೆ.

"ಅಮ್ಮ, ನಾನು. ದೀಪಾವಳಿ ಆದ್ಮೇಲೆ ಬಂದು ತುಪ್ಪ ತಗೊಂಡು ಹೋಗಿದ್ದೆನಲ್ಲ, ಆ ಹುಡುಗಿ. ರಿಸಲ್ಟ್ ಬಂದಿದೆ. ಇವತ್ತು ಹುಣಸೂರಲ್ಲೇ ಇದ್ದೀನಿ, ಮಧ್ಯಾಹ್ನದ ಬಸ್ಸಿಗೆ ಬಂದು ಹೇಳ್ತೀನಿ."

"ಒಂದ್ ಮಾತಲ್ಲಿ ಏಳ್ಬುಡವ್ವ. ನಮ್ಮನೆದು ಚೆನ್ನಾಗ್ ಬಂದದಾ?"

ಆ ಕಡೆ ಬಸ್ ಸ್ಟ್ಯಾಂಡಿನ ಸದ್ದು ಕೇಳುತ್ತಿತ್ತು. ಅದರ ನಡುವೆಯೇ ಹೇಳಿದಳು: "ಚೆನ್ನಾಗಿಲ್ಲಮ್ಮ. ತುಪ್ಪಾನೂ ಚೆನ್ನಾಗಿಲ್ಲ, ಅಕ್ಕನ ಹಾಲೂ ಚೆನ್ನಾಗಿಲ್ಲ. ಆದ್ರೆ ಮಗೂಗೆ ಹಾಲು ಕೊಡೋದು ನಿಲ್ಲಿಸ್ಬೇಡಿ. ನಾನು ಬರ್ತೀನಿ, ಅಲ್ಲೀವರೆಗೂ ಏನೂ ನಿಲ್ಲಿಸ್ಬೇಡಿ."

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕು, ರಾವಂದೂರಿಗೆ ಹತ್ತಿರ. ಸುತ್ತ ಎತ್ತ ನೋಡಿದರೂ ಹೊಗೆಸೊಪ್ಪು. ಈ ಹುಡುಗಿ ಮೊದಲು ಬಂದದ್ದು ಬ್ಯಾರನ್ನುಗಳಲ್ಲಿ, ಅಂದರೆ ಸೊಪ್ಪು ಒಣಗಿಸುವ ಮನೆಗಳಲ್ಲಿ, ಬೆಂಕಿ ಹಾಕಿ ಬೇಯಿಸುವ ಕಾಲಕ್ಕೆ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಐಸಿನ ಡಬ್ಬ. ಕೋಟೆ ತಾಲ್ಲೂಕಿನ ಕಡೆಯ ರೈತರ ಮಗಳಂತೆ, ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳಂತೆ. ಹೊಲದ ಮಣ್ಣು, ಬೋರಿನ ನೀರು, ಕೆರೆಯ ಕೆಸರು ಎಲ್ಲವನ್ನೂ ಸಣ್ಣ ಸೀಸೆಗಳಲ್ಲಿ ತುಂಬಿಕೊಂಡಳು. ಹಳೆಯ ಕಾಲದ ಕೆಲವು ಕೀಟದ ಮದ್ದುಗಳು ಮಣ್ಣಿಗೆ ಬಿದ್ದರೆ ಹಾಳಾಗದೆ ವರ್ಷಗಟ್ಟಲೆ ಹಾಗೇ ಇರುತ್ತವೆ, ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂತುಕೊಳ್ಳುತ್ತವೆ, ದನದ ಕೊಬ್ಬಾದರೂ ಸರಿ ಮನುಷ್ಯರದ್ದಾದರೂ ಸರಿ ಎಂದಿದ್ದಳು. ಅದಕ್ಕೇ ಎರಡನೇ ಸಲ ಬಂದಾಗ ತುಪ್ಪ ಕೇಳಿದಳು, ಮೊಲೆಯೂಡುವ ತಾಯಂದಿರ ಹಾಲು ಕೇಳಿದಳು.

ಊರಲ್ಲಿ ಯಾರೂ ಸಲೀಸಾಗಿ ಕೊಡಲಿಲ್ಲ. ಏನಾದರೂ ಸಿಕ್ಕಿಬಿಟ್ಟರೆ ನಾಳೆ ಸೊಪ್ಪಿಗೆ ಬೆಲೆ ಬೀಳುತ್ತದೋ ಏನೋ ಎನ್ನುವ ಭಯ ಗಂಡಸರಿಗೆ. ನಾನು ಕೊಟ್ಟೆ. ಕೊಟ್ಟೆ ಅನ್ನುವುದಕ್ಕಿಂತ ಕರೆದು ಕೊಟ್ಟೆ. ಯಾಕೆ ಅಂತ ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುವುದಿಲ್ಲ. ದೇವರ ಪೂಜೆ ಮಾಡುವ ಮನೆ, ಜನರ ಬಾಯಿಗೆ ಹೊಗೆ ಹಾಕುವ ಬೆಳೆ ಬೇಡ ಎಂದು ನಾನೇ ಹಟ ಹಿಡಿದು ಯಜಮಾನರನ್ನು ನಿಲ್ಲಿಸಿದ್ದೆ. ರಾಗಿ, ಅವರೆ, ಒಂದಿಷ್ಟು ಜೋಳ, ಹಿತ್ತಲಲ್ಲಿ ಒಂದೇ ಒಂದು ನಾಟಿ ಹಸು. ಪಕ್ಕದ ಮನೆಯವಳಿಗೆ ಎರಡು ಬ್ಯಾರನ್ನಿವೆ. ಅವಳ ಮನೆಯ ಮಜ್ಜಿಗೆಯಲ್ಲೂ ಔಷಧಿ ವಾಸನೆ ಬರುತ್ತದೆ ಎಂದು ನಾನು ನಾಲ್ಕು ಜನರ ಮುಂದೆ ಆಡಿದ್ದುಂಟು. ನಮ್ಮ ತುಪ್ಪವೂ ಅವಳ ತುಪ್ಪವೂ ಒಟ್ಟಿಗೆ ಮೈಸೂರಿಗೆ ಹೋಗಿ ಬಂದರೆ ಊರಿಗೇ ತಿಳಿಯಲಿ ಎನ್ನುವ ಆಸೆ ನನಗೆ. ಮಗಳು ಹಾಲು ಕೊಡಲು ಸಂಕೋಚಪಟ್ಟಾಗಲೂ ನಾನೇ ಒತ್ತಾಯ ಮಾಡಿದೆ. "ಕೊಡವ್ವ, ಒಂದೀಟು. ನಮ್ಮನೆದು ಚೆನ್ನಾಗೇ ಬತ್ತದೆ" ಎಂದೆ.

ಮಧ್ಯಾಹ್ನ ಹುಡುಗಿ ಬಂದಳು. ಊಟ ಬೇಡ ಎಂದಳು, ನೀರು ಕುಡಿದಳು. ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಒರಗಿ ನಿಂತಳು. ಹುಡುಗಿ ಕಾಗದ ತೆಗೆದು ತೋರಿಸಿದಳು, ಇಂಗ್ಲಿಷಿನಲ್ಲಿ ಏನೇನೋ ಇತ್ತು. ಅದರಲ್ಲಿ ಒಂದನ್ನು ಬೆರಳಿಟ್ಟು, "ಇದು ಹೊಗೆಸೊಪ್ಪಿಗೆ ಈಗ ಹೊಡೆಯೋ ಔಷಧಿ ಅಲ್ಲಮ್ಮ. ಇದು ಬಹಳ ಹಳೇದು, ಸರ್ಕಾರ ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಈ ಊರಲ್ಲಿ ಬೇರೆಯವರ ತುಪ್ಪದಲ್ಲಿ ಅಲ್ಪಸ್ವಲ್ಪ ಇದೆ. ನಿಮ್ಮ ಮನೇದ್ರಲ್ಲೇ ಎಲ್ಲರಿಗಿಂತ ಜಾಸ್ತಿ. ಅದಕ್ಕೇ ನೋಡಕ್ಕೆ ಬಂದೆ" ಎಂದಳು.

"ಪಕ್ಕದ ಮನೆದಕ್ಕಿಂತ್ಲೂವಾ?" ನನ್ನ ಬಾಯಿಗೆ ಮೊದಲು ಬಂದದ್ದು ಅದು. ದೇವರೇ, ನನ್ನ ಮೊಮ್ಮಗಳ ವಿಷಯ ಬಿಟ್ಟು ಅದನ್ನು ಕೇಳಿದೆ.

"ಯಾರದು ಎಷ್ಟು ಅಂತ ಹೇಳೋ ಹಾಗಿಲ್ಲಮ್ಮ. ಮನೆ ಒಂದ್ಸಲ ನೋಡ್ಲಾ?"

ನೋಡು ಎಂದೆ. ಕೊಟ್ಟಿಗೆ ನೋಡಿದಳು, ಹಸುವಿನ ಕಿವಿ ಮಡಿಸಿ ನೋಡಿದಳು, ಕಣಜದ ಹತ್ತಿರ ಬಗ್ಗಿ ಮೂಸಿದಳು. ಅಡುಗೆಮನೆಗೆ ಬಂದು ಒಲೆಯ ಮೇಲ್ಗಡೆಯ ಗೋಡೆಗೂಡಿನ ಮುಂದೆ ನಿಂತುಬಿಟ್ಟಳು. ಆ ಗೂಡಿನಲ್ಲಿ ಮೀಸಲು ತುಪ್ಪದ ಗಡಿಗೆ ಇತ್ತು. ಅದರ ಸುತ್ತ, ಒಂದಂಗುಲ ಬಿಟ್ಟು, ದುಂಡಗೆ ಬಿಳಿ ಗೆರೆ.

"ಇದೇನಮ್ಮ, ರಂಗೋಲಿನಾ?"

"ಇಲ್ಲ ಕಣವ್ವ, ಇರುವೆಗೆ" ಎಂದೆ. ಎಂದಮೇಲೆ ನಾನೇ ಆ ಗೆರೆಯನ್ನು ಮತ್ತೊಮ್ಮೆ ನೋಡಿದೆ.

ಮೀಸಲು ಎಂದರೇನು ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಕೋಟೆ ಕಡೆಯವಳು. ನಮ್ಮ ಮನೆದೇವರು ಆ ಸೀಮೆಯ ಬೆಟ್ಟದಮ್ಮ. ಹಸು ಈದರೆ, ಗಿಣ್ಣು ಮುಗಿದ ಮೇಲಿನ ಹಾಲನ್ನು ಅಮ್ಮನ ಹೆಸರಿಗೆ ಎತ್ತಿಡಬೇಕು. ಅದನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕೂಡಿಸಿ, ಕಾಯಿಸಿ, ಮೊದಲ ತುಪ್ಪ ಬೆಟ್ಟಕ್ಕೆ ಕೊಂಡುಹೋಗಿ ದೀಪಕ್ಕೆ ಕೊಟ್ಟು ಬರಬೇಕು. ಅಲ್ಲಿಯವರೆಗೆ ಮನೆಯವರು ಯಾರೂ ಬಾಯಿಗಿಡುವಂತಿಲ್ಲ. ನಮ್ಮತ್ತೆ ಬೆಕ್ಕನ್ನೂ ಆ ಕಡೆ ಬಿಡುತ್ತಿರಲಿಲ್ಲ. ಇರುವೆ ಮುತ್ತಿದರೆ ಎಂಜಲಾಯಿತು, ಅಷ್ಟು ದಿನದ ಬೆಣ್ಣೆಯೂ ಹೋಯಿತು ಎಂದೇ ಲೆಕ್ಕ. ಅದಕ್ಕೆ ಅತ್ತೆ ಅಟ್ಟದ ಮೇಲಿಂದ ಒಂದು ತಗಡಿನ ಡಬ್ಬ ಇಳಿಸಿ, ಚಿಟಿಕೆ ಚಿಟಿಕೆ ಬಿಳಿಪುಡಿ ಎತ್ತಿ ಗಡಿಗೆಯ ಸುತ್ತ ಗೆರೆ ಎಳೆಯುತ್ತಿದ್ದರು. ಮಾವನವರು ಯಾವ ಕಾಲದಲ್ಲೋ ಕಾಳಿಗೆ ಬೆರೆಸಲು ಡಬ್ಬದ ತುಂಬ ತಂದಿಟ್ಟ ಪುಡಿ. ಒಂಥರಾ ಮುಗ್ಗಲು ವಾಸನೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ವಾಸನೆ ಬಂದರೆ ನನಗೆ ಅತ್ತೆಯ ಅಚ್ಚುಕಟ್ಟೇ ನೆನಪಾಗುತ್ತಿತ್ತು. ಅತ್ತೆ ಹೋದ ಮೇಲೆ ಡಬ್ಬ ನನ್ನ ಪಾಲಿಗೆ ಬಂತು.

"ಇದನ್ನ ಬೇರೆ ಎಲ್ಲಾದ್ರೂ ಹಾಕ್ತೀರಾಮ್ಮ? ಹಸೂಗೆ?"

ಹೂಂ ಎಂದೆ. ಈ ಸಲ ಹಸು ಈದಾಗ ಅದರ ಕಿವಿಯಲ್ಲಿ, ಕೆಚ್ಚಲ ಸಂದಿಯಲ್ಲಿ ಉಣ್ಣೆ ಗೊಂಚಲು ಗೊಂಚಲಾಗಿ ಕಚ್ಚಿಕೊಂಡಿದ್ದವು. ದನದ ಡಾಕ್ಟರು ಬಂದು ಸೂಜಿ ಚುಚ್ಚುತ್ತೇನೆ ಎಂದರು. "ಆದ್ರೆ ಸ್ವಲ್ಪ ದಿನ ಹಾಲು ಬಳಸ್ಬೇಡಿ, ಚೆಲ್ಲಿಬಿಡಿ" ಎಂದರು. ಮೀಸಲು ಹಾಲನ್ನು ಚೆಲ್ಲುವುದುಂಟೇ? ಅಮ್ಮನ ಪಾಲಿನದಕ್ಕೆ ಸೂಜಿಮದ್ದು ಸೇರುವುದುಂಟೇ? ಬೇಡ ಸಾರ್ ಎಂದು ಕಳಿಸಿದೆ. ಅವರು ಹೋದ ಮೇಲೆ ಅಟ್ಟ ಹತ್ತಿ ಡಬ್ಬ ಇಳಿಸಿ, ಹಸುವಿನ ಮೈಗೆಲ್ಲ ನನ್ನ ಕೈಯಾರೆ ಪುಡಿ ತಿಕ್ಕಿದೆ. ಎರಡೇ ದಿನಕ್ಕೆ ಉಣ್ಣೆ ಉದುರಿದವು. ಅಮ್ಮನೇ ಕಾಪಾಡಿದಳು ಎಂದು ಊದುಬತ್ತಿ ಹಚ್ಚಿದೆ. ಆಮೇಲೆ ಬಿಡದೆ ವಾರಕ್ಕೊಂದು ಸಲ ತಿಕ್ಕಿದೆ.

ಮೊದಲ ಸಲ ಬಂದಾಗ ಈ ಹುಡುಗಿ ಫಾರಂ ತುಂಬಿಸುತ್ತ ಮನೆಯಲ್ಲಿ ಏನಾದರೂ ಕೀಟನಾಶಕ ಬಳಸುತ್ತೀರಾ ಎಂದು ಕೇಳಿದ್ದಳು. ಇಲ್ಲವೇ ಇಲ್ಲ ಎಂದು ಎದೆಯುಬ್ಬಿಸಿ ಹೇಳಿದ್ದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಹೊಲಕ್ಕೆ ಹೊಡೆಯುವುದಷ್ಟೇ ನನ್ನ ಕಣ್ಣ ಮುಂದೆ ಬಂದಿತ್ತು. ಅತ್ತೆಯ ಡಬ್ಬ ನೆನಪಿಗೇ ಬರಲಿಲ್ಲ.

ಹುಡುಗಿ ನನ್ನನ್ನು ಬೈಯಲಿಲ್ಲ. ಕೈಗೆ ಗವಸು ತೊಟ್ಟು ಪುಡಿಯಲ್ಲಿ ಒಂದು ಚೂರು ಸೀಸೆಗೆ ಹಾಕಿಕೊಂಡಳು. "ನಮ್ಮಜ್ಜಿ ಹೇನಿಗೆ ಅಂತ ಇದನ್ನ ನಮ್ಮ ತಲೆಗೇ ಹಚ್ಚಿ ಬಟ್ಟೆ ಕಟ್ಟೋರು. ವಾಸನೆ ಬಂದ ತಕ್ಷಣ ಗೊತ್ತಾಯ್ತು ನಂಗೆ" ಎಂದಳು. ಹಸುವಿನ ಚರ್ಮದಿಂದ ಒಳಗೆ ಹೋಗಿ ಕೊಬ್ಬಿಗೆ ಸೇರುತ್ತದಂತೆ, ಅಲ್ಲಿಂದ ಹಾಲಿಗೆ ಬರುತ್ತದಂತೆ, ಬೆಣ್ಣೆ ಮಾಡಿದಷ್ಟೂ ಗಟ್ಟಿಯಾಗುತ್ತದಂತೆ. ನಾವು ದೇವರಿಗೆಂದು ಕಡೆದು ಕಾಯಿಸಿ ಇಳಿಸಿದ ತುಪ್ಪದಲ್ಲಿ ಅದೂ ಇಳಿದು ಕೂತಿತ್ತು. ಗೂಡಿನ ಗೆರೆಯಿಂದ ಗಡಿಗೆಗೆ ಹಾರಿದ ಪುಡಿ ಬೇರೆ.

ಬೆಟ್ಟದ ದೀಪದಲ್ಲಿ ಆ ತುಪ್ಪ ಉರಿಯಿತು. ಉಳಿದದ್ದೆಲ್ಲ ನಮ್ಮ ಮನೆಯ ಪದ್ಧತಿಯಂತೆ ಬಾಣಂತಿಗೆ. ಹೆರಿಗೆಯಾದ ದಿನದಿಂದ ಮಗಳಿಗೆ ಮೆಣಸಿನ ಸಾರಿನ ಅನ್ನಕ್ಕೆ ಎರಡೂ ಹೊತ್ತು ಅದನ್ನೇ ಸುರಿದಿದ್ದೆ. ಸಾಕು ಎಂದರೆ ಇನ್ನೊಂದು ಮಿಳ್ಳೆ. ಅಮ್ಮನ ಪ್ರಸಾದ ಬೇಡ ಅನ್ನಬಾರದು ಎಂದು ಗದರುತ್ತಿದ್ದೆ.

"ಮಗೀಗೆ ಏನಾತದೆ?" ಎಂದು ಕೇಳಿದೆ. ಕಡೆಗೂ ಕೇಳಿದೆ.

ಹುಡುಗಿ ಎದುರು ಕೂತಳು. ಇಂಥ ಮದ್ದು ಮೈಯಲ್ಲಿ ಬಹಳ ಕಾಲ ಉಳಿದರೆ ಥೈರಾಯಿಡ್ಡು, ಗರ್ಭ, ಮಕ್ಕಳ ಬೆಳವಣಿಗೆ ಇವುಗಳಿಗೆ ತೊಂದರೆ ಇರಬಹುದೆಂದು ಓದಿದವರು ಹೇಳುತ್ತಾರೆ, ಕೆಲವು ಕ್ಯಾನ್ಸರ್‌ಗೂ ಸಂಬಂಧ ಇರಬಹುದು ಎನ್ನುತ್ತಾರೆ, ಆದರೆ ಈ ಮಗುವಿಗೆ ಇಂಥದ್ದು ಆಗುತ್ತದೆ ಆಗುವುದಿಲ್ಲ ಎಂದು ಯಾರೂ ಹೇಳಲಾರರು ಎಂದಳು. "ತಾಯಿ ಹಾಲಲ್ಲಿ ಇರೋ ಒಳ್ಳೇದು ಇದಕ್ಕಿಂತ ದೊಡ್ಡದು ಅಕ್ಕ. ನಿಲ್ಲಿಸ್ಬೇಡಿ. ತುಪ್ಪ ನಿಲ್ಲಿಸಿ, ಈ ಹಸುವಿನ ಹಾಲು ಸದ್ಯಕ್ಕೆ ಬಿಡಿ. ಮಕ್ಕಳ ಡಾಕ್ಟರ ಹತ್ರ ನಾನೇ ಮಾತಾಡ್ತೀನಿ" ಎಂದಳು, ಮಗಳ ಕಡೆ ತಿರುಗಿ.

ನನಗೆ ಸಿಟ್ಟು ಬಂತು. ಎಷ್ಟಿದೆ ಎಂದು ಅಳೆಯಲು ಬರುತ್ತದೆ, ಏನಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಇಂಥ ಪುಡಿಯನ್ನು ಅಂಗಡಿಯಲ್ಲಿಟ್ಟು ಮಾರಿದವರು ಎಲ್ಲಿದ್ದಾರೆ? ನಿಲ್ಲಿಸಿದೆವು ಎಂದು ಪೇಟೆಯಲ್ಲಿ ಹೇಳಿದವರು ಅಟ್ಟದ ಮೇಲೆ ಇರುವುದನ್ನು ಕೆಳಗಿಳಿಸಿ ಎಂದು ಹೇಳಲು ಯಾಕೆ ಬರಲಿಲ್ಲ? ಇಷ್ಟನ್ನೂ ಆ ಹುಡುಗಿಯ ಮೇಲೆ ಕೂಗಿದೆ. ಪಾಪ, ಅವಳು ತಲೆ ಬಗ್ಗಿಸಿ ಕೇಳಿಕೊಂಡಳು.

"ಇದನ್ನ ಏನ್ ಮಾಡ್ಲಿ ಈಗ? ತಿಪ್ಪೆಗೆ ಉಯ್ಲಾ?"

"ಬೇಡಮ್ಮ, ಮಣ್ಣಿಗೆ ಸೇರುತ್ತೆ."

"ಒಲೆಗೆ?"

"ಸುಡಬಾರ್ದು. ಹೊಗೆ ಇನ್ನೂ ಕೆಟ್ಟದ್ದು."

"ನಾಲೆಗೆ ಬುಡ್ಲಾ?"

"ಅಯ್ಯೋ, ಬೇಡ. ಬಿಗಿಯಾಗಿ ಮುಚ್ಚಿ, ಕಟ್ಟಿ, ಯಾರ ಕೈಗೂ ಸಿಗದ ಕಡೆ ಇಡಿ. ತಗೊಂಡು ಹೋಗೋ ವ್ಯವಸ್ಥೆ ಇದೆಯಾ ಅಂತ ವಿಚಾರಿಸಿ ಹೇಳ್ತೀನಿ."

ಹಾಗಾಗಿ ಡಬ್ಬವನ್ನೂ ಗಡಿಗೆಯನ್ನೂ ಗೊಬ್ಬರದ ಚೀಲದಲ್ಲಿ ಕಟ್ಟಿ ಮತ್ತೆ ಅಟ್ಟಕ್ಕೇ ಏರಿಸಿದೆ. ಇದನ್ನು ಬರೆಯುವ ಹೊತ್ತಿಗೂ ಅಲ್ಲೇ ಇವೆ. ಹುಡುಗಿ ಮೂರು ಸಲ ಫೋನ್ ಮಾಡಿ ಇನ್ನೂ ಉತ್ತರ ಬಂದಿಲ್ಲ ಎಂದು ಹೇಳಿದ್ದಾಳೆ. ಮರೆತಿಲ್ಲವಲ್ಲ, ಅದೇ ದೊಡ್ಡದು.

ಅವಳನ್ನು ಬೀದಿಯವರೆಗೆ ಬಿಟ್ಟು ಬರುವಾಗ ಪಕ್ಕದ ಮನೆಯವಳು ಜಗುಲಿಯಲ್ಲಿ ಕೂತು ಮಾರಲು ಸೊಪ್ಪನ್ನು ಒತ್ತಿ ಬೇಲು ಕಟ್ಟುತ್ತಿದ್ದಳು. "ಏನಕ್ಕ, ನಿಮ್ ತುಪ್ಪ ಮೈಸೂರ್ಗೋಗಿ ಪರೀಕ್ಷೆ ಬರ್ಕಂಡ್ ಬಂತಂತೆ. ಪಾಸಾ, ಫೇಲಾ?" ಎಂದಳು. ನಗುನಗುತ್ತಲೇ ಕೇಳಿದ್ದು.

"ಫೇಲು ಕಣವ್ವ" ಎಂದೆ. "ನಿಮ್ಮನೆ ಅಟ್ಟದಲ್ಲೂ ಅಳೇ ಬಿಳಿಪುಡಿ ಇದ್ರೆ ಮುಟ್ಬ್ಯಾಡ. ದನಕ್ಕೆ ತಿಕ್ಬ್ಯಾಡ. ನಾನು ತಿಕ್ಕಿದ್ದೆ."

ಅವಳ ನಗು ನಿಂತಿತು. ಅಷ್ಟು ಹೇಳಲು ದೇವರು ಬಾಯಿ ಕೊಟ್ಟನಲ್ಲ ಎಂದುಕೊಂಡು ಒಳಗೆ ಬಂದೆ.

ಒಳಗೆ ಮಗು ಕಿರುಚುತ್ತಿತ್ತು. ಮಗಳು ಗೋಡೆ ಕಡೆ ಮುಖ ಮಾಡಿ ಕೂತಿದ್ದಳು, ರವಿಕೆ ಮುಂದೆಲ್ಲ ಒದ್ದೆ. ಹಾಲು ಸೋರಿ ಹೋಗುತ್ತಿತ್ತು, ಮಗುವಿನ ಬಾಯಿಗೆ ಮಾತ್ರ ಕೊಟ್ಟಿರಲಿಲ್ಲ. ವಿಷಯ ತಿಳಿಸಲು ಅವಳೇ ಫೋನ್ ಮಾಡಿದ್ದಳು, ಆ ಕಡೆ ಅವಳ ಅತ್ತೆ, ಮಿರ್ಲೆಯಿಂದ. ಸ್ಪೀಕರ್ ಹಾಕಿಕೊಂಡಿದ್ದಳು.

"ಆ ಆಲು ಕುಡಿಸ್ಬ್ಯಾಡ ಕಣವ್ವ. ನಾಳೆ ಬೆಳಿಗ್ಗೆ ನಿನ್ ಗಂಡನ್ನ ಕಳುಸ್ತೀನಿ, ಕೆ.ಆರ್. ನಗರದಲ್ಲಿ ಪುಡಿ ಆಲಿನ್ ಡಬ್ಬ ತಕಂಡೇ ಬತ್ತನೆ. ಅಲ್ಲೀಗಂಟ ಸಕ್ಕರೆ ನೀರು ಆಕು. ಬೀಗಿತ್ತಿ ಮಾಡಿರೋ ಬಾಣಂತನ ಸಾಕು, ಬಂದ್ಬುಡು."

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ, ಇನ್ನೂ ಕೆಟ್ಟದಾಗಿ ಅನ್ನುತ್ತಿದ್ದೆ. ಫೋನ್ ಇಟ್ಟ ಮೇಲೆ ಮಗಳ ಹತ್ತಿರ ಕೂತೆ.

"ಆ ಹುಡ್ಗಿ ಬ್ಯಾಡ ಅನ್ಲಿಲ್ವಲ್ಲವ್ವ. ಕೊಡು ಅಂದ್ಳು. ಮಗು ಅಳ್ತದೆ ನೋಡು."

"ನೀನ್ ಮಾತಾಡ್ಬ್ಯಾಡ ಅವ್ವ."

"ಸರಿ, ನಾನ್ ಮಾತಾಡಲ್ಲ. ಅವಳ ಮಾತಾರಾ ಕೇಳು."

"ಸಾಕು ಸಾಕು ಅಂತ ಎಷ್ಟ್ ಸಲ ಅಂದೆ ನಾನು? ಕೈ ಅಡ್ಡ ಇಟ್ರೂ ಬೆರಳ ಸಂದೀಲೇ ಸುರೀತಿದ್ದೆ ನೀನು. ಪ್ರಸಾದ ಪ್ರಸಾದ ಅಂತ." ಒದ್ದೆ ರವಿಕೆಯನ್ನು ಸೆರಗಿನಿಂದ ಒತ್ತಿಕೊಂಡಳು. "ಮೊದ್ಲು ಹೊಟ್ಟೇಲಿಟ್ಕಂಡಿದ್ದೆ ಇವಳ್ನ, ಆವಾಗ ಏನೂ ಆಗ್ಲಿಲ್ಲ. ನಿನ್ ಮನೆಗ್ ಬಂದು ಇಂಗಾಯ್ತು."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಎದ್ದು ದೇವರ ಕೋಣೆಗೆ ಹೋದೆ. ಪಟದ ಮುಂದಿನ ದೀಪದಲ್ಲೂ ಅದೇ ತುಪ್ಪ ಇತ್ತು. ಊದಿ ಆರಿಸಬಾರದು ಎನ್ನುತ್ತಾರೆ. ಹೂವಿನಿಂದ ಬತ್ತಿಯನ್ನು ಒತ್ತಿ ಆರಿಸಿದೆ. ಇಷ್ಟು ವರ್ಷ ನಿನಗೆ ಮೊದಲು ಇಟ್ಟು ಆಮೇಲೆ ತಿಂದವರು ನಾವು, ಒಂದು ಸಲವಾದರೂ ಗಡಿಗೆ ಉರುಳಿಸಿಬಿಡಬಾರದಾಗಿತ್ತೇ ತಾಯಿ ಎಂದು ಕೇಳಿದೆ. ಕೇಳಿದ್ದು ತಪ್ಪೋ ಸರಿಯೋ. ನನ್ನ ಕೈಯೇ ಪುಡಿ ತಿಕ್ಕಿದ್ದು, ಅಮ್ಮನ ಕೈಯಲ್ಲ.

ನಾನು ಅಲ್ಲಿ ನಿಂತಿರುವಾಗಲೇ ಅಳು ನಿಂತಿತು. ಬಾಗಿಲ ಸಂದಿಯಿಂದ ನೋಡಿದರೆ ಮಗಳು ಮಗುವನ್ನು ಎದೆಗೆ ಒತ್ತಿಕೊಂಡಿದ್ದಳು. ಮಗು ಕಣ್ಣು ಮುಚ್ಚಿ ಗಟಗಟನೆ ಎಳೆಯುತ್ತಿತ್ತು, ಪುಟ್ಟ ಕಾಲು ಅಲ್ಲಾಡುತ್ತಿತ್ತು. ಮಗಳ ಕಣ್ಣಿಂದ ನೀರು ಇಳಿದು ಮಗುವಿನ ಕೂದಲ ಮೇಲೆ ಬೀಳುತ್ತಿತ್ತು. ಫೋನನ್ನು ಹಾಸಿಗೆಯ ಮೇಲಿಟ್ಟುಕೊಂಡು ಆ ಹುಡುಗಿಯ ಜೊತೆ ಮಾತಾಡುತ್ತಿದ್ದಳು. "ಹೂಂ, ಕೊಡ್ತಿದೀನಿ. ಹೂಂ, ಎರಡೂ ಕಡೆ. ನಾಳೆ ಮಿರ್ಲೆಗ್ ಹೋದ್ರೂ ಬಿಡಲ್ಲ, ಅತ್ತೆಗೆ ನೀವೇ ಒಂದ್ ಮಾತು ಹೇಳ್ಬೇಕು" ಎನ್ನುತ್ತಿದ್ದಳು.

ಹಾಗಾದರೆ ನಾಳೆ ಹೋಗುವುದು ನಿಶ್ಚಯ. ಮೂರು ತಿಂಗಳು ತುಂಬಿಸಿ, ಮಡಿಲು ತುಂಬಿ, ಮಗುವಿಗೆ ಬೊಟ್ಟಿಟ್ಟು ಕಳಿಸಬೇಕೆಂದಿದ್ದೆ.

ಸಾಯಂಕಾಲ ತಟ್ಟೆ ತೊಳೆದು ಅನ್ನ ಬಡಿಸಲು ಹೋದೆ. ತುಪ್ಪ ಇಲ್ಲ, ಬರೀ ಸಾರು. ಮಗಳು ತಟ್ಟೆಯನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು.

"ನಿಂಗೆ ಗೊತ್ತಿರ್ಲಿಲ್ಲ ಅಂತ ನಂಗೊತ್ತು ಅವ್ವ. ಬೈತಾ ಇಲ್ಲ. ಆದ್ರೂ ಇವತ್ತು ನಿನ್ ಕೈದು ಗಂಟಲಲ್ಲಿ ಇಳಿಯಲ್ಲ. ನಾನೇ ಒಂದೀಟು ಮಾಡ್ಕತೀನಿ, ಬುಡು."

ಮಗುವನ್ನು ನನ್ನ ಮಡಿಲಿಗೆ ಕೊಡಲಿಲ್ಲ. ತೊಟ್ಟಿಲಲ್ಲಿ ಮಲಗಿಸಿ ಅಡುಗೆಮನೆಗೆ ಹೋದಳು. ಪಾತ್ರೆಯನ್ನು ಮತ್ತೆ ಉಜ್ಜಿ ತೊಳೆಯುವ ಸದ್ದು ಬಂತು. ನಾನು ಬೆಳಿಗ್ಗೆಯೇ ಉಜ್ಜಿಟ್ಟಿದ್ದ ಪಾತ್ರೆ. ನನ್ನ ಒಲೆಯ ಮೇಲೆ, ನನ್ನ ಪಾತ್ರೆಯಲ್ಲಾದರೂ ಬೇಯಿಸಿಕೊಳ್ಳುತ್ತಿದ್ದಾಳಲ್ಲ. ಮಗು ಹೊಟ್ಟೆತುಂಬ ಕುಡಿದು ಮಲಗಿದೆಯಲ್ಲ. ಇಷ್ಟಾದರೂ ಉಳಿಸಿದೆಯಲ್ಲ ತಾಯಿ ಎಂದು ಹಣೆ ಮುಟ್ಟಿಕೊಂಡೆ.

ಹೊಲದಿಂದ ಯಜಮಾನರು ಬರುವ ಹೊತ್ತಾಗಿತ್ತು, ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಹಜಾರದಲ್ಲಿ ಬೆಳಿಗ್ಗೆ ಬಿಟ್ಟುಹೋದ ಪಾತ್ರೆ ಹಾಗೇ ಇತ್ತು, ನೆನೆದ ನೀರು ಹುಳಿವಾಸನೆ ತಿರುಗುತ್ತಿತ್ತು. ಆ ನೀರು ಬಸಿದು, ಹೊಸ ನೀರಲ್ಲಿ ಎರಡು ಸಲ ತೊಳೆದೆ. ಕೈಯನ್ನೂ ಸೋಪು ಹಾಕಿ ಮೊಣಕೈವರೆಗೂ ತಿಕ್ಕಿ ತೊಳೆದುಕೊಂಡೆ. ಆಮೇಲೆ ಕೂತು ಉಳಿದ ಕಾಳು ಇದುಕತೊಡಗಿದೆ.